ಕಿಸೆಯ ಸಂಗೀತಯಂತ್ರ: ಸೌಲಭ್ಯ ಮತ್ತು ಸುಲಭತೆಗಳ ವಿವಾದ

ಯಂತ್ರವೊಂದನ್ನು ಕೊಳ್ಳುವವನ ವಿವೇಚನೆ ಅಂಗಡಿಯಲ್ಲಿ ಒಂದು ಬಗೆ, ಮನೆಯಲ್ಲಿ ಇನ್ನೊಂದು ಬಗೆ. ಅಂಗಡಿಯಲ್ಲಿ ನಿಂತಾಗ ಆ ಯಂತ್ರ ಏನೇನು ಮಾಡಬಲ್ಲುದೆಂಬುದೇ ಮುಖ್ಯವಾಗಿ ತೋರುತ್ತದೆ. ಮನೆಗೆ ತಂದು ನಾಲ್ಕು ದಿನ ಬಳಸಿದ ಮೇಲೆ ಅದನ್ನು ನಡೆಸುವುದು ಎಷ್ಟು ಸಲೀಸು ಎಂಬ ವಿಚಾರ ಮುಂದಾಗುತ್ತದೆ. ಇದು ಬರಿಯ ಲೋಕಾನುಭವದ ಮಾತಲ್ಲ. ಅಮೆರಿಕದಲ್ಲಿ ಡೆಬೊರಾ ಥಾಂಪ್ಸನ್, ರೆಬೆಕಾ ಹ್ಯಾಮಿಲ್ಟನ್, ರೋಲಂಡ್ ರಸ್ಟ್ ಎಂಬ ಮೂವರು ವಿದ್ವಾಂಸರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಪ್ರಯೋಗಪೂರ್ವಕವಾಗಿ ತೋರಿಸಿ, ಸೌಲಭ್ಯಗಳ ಬಳಲಿಕೆ ಎಂಬರ್ಥದ ಹೆಸರನ್ನೂ ಇದಕ್ಕೆ ಇಟ್ಟರು. ಹೊತ್ತು ನಡೆಯುವ ಸಂಗೀತಯಂತ್ರದ ಚರಿತ್ರೆಯಲ್ಲಿ ಈ ವಿವಾದ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣದೆಂದು ನನ್ನ ಎಣಿಕೆ.

ನೆದರ್‌ಲೆಂಡ್ಸಿನ ಫಿಲಿಪ್ಸ್ ಕಂಪನಿಯು ಬರ್ಲಿನ್ನಿನ ಪ್ರದರ್ಶನದಲ್ಲಿ ಕ್ಯಾಸೆಟ್ಟನ್ನು, ಎಂದರೆ ನಾವು ಬಳಿಕ ಧ್ವನಿಸುರುಳಿಯೆಂದು ಕರೆದುದನ್ನು, ಲೋಕಕ್ಕೆ ತೋರಿಸಿದ್ದು 1963ರಲ್ಲಿ. ಅದರ ನಿರ್ಮಾಣದ ಮುಂದಾಳಾಗಿದ್ದ ಲೂ ಓಟನ್ಸ್ ಎಂಬ ಇಂಜಿನಿಯರು ಯಂತ್ರದ ಅಳತೆಯನ್ನು ನಿಶ್ಚಯಿಸಲು ತನ್ನ ಕಿಸೆಯಲ್ಲಿ ಹಿಡಿಯುವ ಮರದ ತುಂಡೊಂದನ್ನು ಇಟ್ಟುಕೊಂಡಿದ್ದನು. ಹೀಗೆ ಮೊದಲಿನಿಂದಲೂ ಕಿಸೆಯೇ ಮಾನದಂಡವಾಗಿದ್ದರೂ, ಒಳ್ಳೆಯ ಸಂಗೀತವನ್ನು ನಡೆಯುತ್ತ ಕೇಳುವುದಕ್ಕೆ ಇನ್ನೂ 16 ವರ್ಷ ಕಾಯಬೇಕಾಯಿತು. ಜಪಾನಿನ ಸೋನಿ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಮಸಾರು ಇಬುಕಾ ಅವರು ವಿಮಾನಪ್ರಯಾಣದಲ್ಲಿ ಸಂಗೀತ ಕೇಳಲು ತಮ್ಮದೇ ಸಂಸ್ಥೆಯ ಸ್ಟೀರಿಯೋ ರೆಕಾರ್ಡರನ್ನು ಒಯ್ಯುತ್ತಿದ್ದರು. ಅದು ಒಳ್ಳೆಯದು, ಆದರೆ ಭಾರ. ಹಗುರವಾದುದೊಂದು ಬೇಕೆಂದು ಅವರು ಕೇಳಿದಾಗ ಟೇಪ್ ರೆಕಾರ್ಡರ್ ವಿಭಾಗದವರು ಹೊಸತೇನನ್ನೂ ಕಂಡುಹಿಡಿಯಲಿಲ್ಲ. ಪತ್ರಕರ್ತರಿಗಾಗಿ ತಯಾರಾಗಿದ್ದ ಪ್ರೆಸ್‌ಮನ್ ಎಂಬ ಚಿಕ್ಕ ಯಂತ್ರದಿಂದ ಧ್ವನಿಮುದ್ರಣದ ಅಂಗವನ್ನೂ ಸ್ಪೀಕರನ್ನೂ ತೆಗೆದುಹಾಕಿ, ಆ ಎಡೆಯಲ್ಲಿ ಸ್ಟೀರಿಯೋ ನಾದಕ್ಕೆ ಬೇಕಾದ ಭಾಗಗಳನ್ನು ಕೂರಿಸಿದರು, ಅಷ್ಟೆ.

ಸಂಸ್ಥೆಯೊಳಗೇ ಇದಕ್ಕೆ ವಿರೋಧವೆದ್ದಿತು. ಮುದ್ರಿಸಲಾರದ ಟೇಪಿನ ಯಂತ್ರವನ್ನು ಯಾರು ಕೊಳ್ಳುತ್ತಾರೆ ಎಂಬುದು ಮಾರಾಟದವರ ಪ್ರಶ್ನೆ. ಅದು ಅವಿವೇಕದ ಪ್ರಶ್ನೆಯೇನೂ ಆಗಿರಲಿಲ್ಲ. ಅಧ್ಯಕ್ಷರಾಗಿದ್ದ ಅಕಿಯೊ ಮೊರಿಟಾ ಹಟ ಹಿಡಿದುದರಿಂದ 1979ರ ಜುಲೈ 1ರಂದು ವಾಕ್‌ಮನ್ ಪೇಟೆಗೆ ಬಂದಿತು. ಬೆಲೆ 33,000 ಯೆನ್. ತೂಕ 390 ಗ್ರಾಂ. ಮೊದಲ ತಿಂಗಳು ಸುಮಾರು 3,000 ಮಾತ್ರ ಹೋದುವು. ಆಗಸ್ಟ್ ಮುಗಿಯುವಷ್ಟರಲ್ಲಿ ತಯಾರಿಸಿದ್ದ 30,000 ಯಂತ್ರಗಳೂ ತೀರಿದ್ದುವು.

ಇದನ್ನು ಸರಳತೆಯ ವಿಜಯವೆಂದು ಹೇಳುವುದು ವಾಡಿಕೆ. ಆದರೆ ಇದು ಅರ್ಧಸತ್ಯ. ಯಂತ್ರದೊಡನೆ ಬಂದ ಕಿವಿಯ ಸಾಧನ ಸುಮಾರು 50 ಗ್ರಾಂ ತೂಗುತ್ತಿತ್ತು. ಅದುವರೆಗಿನವು 300 ರಿಂದ 400 ಗ್ರಾಂ ತೂಗುತ್ತಿದ್ದುವು. ಈ ಹಗುರತನವಿಲ್ಲದಿದ್ದರೆ ಗುಂಡಿಗಳನ್ನು ಕಡಮೆ ಮಾಡಿದ್ದರಿಂದ ಏನೂ ಸಿದ್ಧಿಸುತ್ತಿರಲಿಲ್ಲ. ಅಲ್ಲದೆ, ಸರಳತೆಗೆ ಮಾದರಿಯೆನ್ನುವ ಆ ಮೊದಲ ವಾಕ್‌ಮನ್ನಿಗೇ ಬೇಡದ ಎರಡು ಸೌಲಭ್ಯಗಳು ಅಂಟಿಕೊಂಡಿದ್ದುವು. ಒಬ್ಬನೇ ಕೇಳುತ್ತ ಕೂರುವುದು ಮನೆಯವರಿಗೆ ಅಗೌರವವಾದೀತೆಂದು ಮೊರಿಟಾ ಶಂಕಿಸಿ, ಇಬ್ಬರು ಕೇಳುವಂತೆ ಎರಡು ರಂಧ್ರಗಳನ್ನೂ, ಸಂಗೀತವನ್ನು ತಗ್ಗಿಸಿ ಪರಸ್ಪರ ಮಾತನಾಡಲು ಕಿತ್ತಳೆ ಬಣ್ಣದ ಗುಂಡಿಯೊಂದನ್ನೂ ಮಾಡಿಸಿದ್ದರು. ಜನ ಯಂತ್ರವನ್ನು ತಮ್ಮೊಬ್ಬರದೆಂದೇ ಭಾವಿಸಿದರು; ಮುಂದಿನ ಮಾದರಿಗಳಲ್ಲಿ ಇವು ಕ್ರಮೇಣ ಮಾಯವಾದುವು. ಶಿಷ್ಟಾಚಾರಕ್ಕಾಗಿ ಯಂತ್ರಕ್ಕೆ ಗುಂಡಿ ಇಟ್ಟ ಉದಾಹರಣೆ ಬೇರೆ ಇದೆಯೋ ಇಲ್ಲವೋ!

ಸೋನಿಯವರು ಕಿತ್ತುಹಾಕಿದ ಧ್ವನಿಮುದ್ರಣ ನಮಗೆ ಬೇಡದ ವಸ್ತುವಾಗಿತ್ತೆ? ಇಲ್ಲಿ ನಮ್ಮ ಚರಿತ್ರೆ ಜಪಾನಿನ ಚರಿತ್ರೆಯಿಂದ ಬೇರೆಯಾಗುತ್ತದೆ. 1980ರ ದಶಕದ ಭಾರತೀಯ ಮಧ್ಯಮವರ್ಗದ ಮನೆಯಲ್ಲಿ ಮೆರೆದದ್ದು ವಾಕ್‌ಮನ್ನಿಗಿಂತ ಹೆಚ್ಚಾಗಿ ಟೂ-ಇನ್-ಒನ್. ಎಂದರೆ ರೇಡಿಯೋ ಮತ್ತು ರೆಕಾರ್ಡರುಗಳ ಜೋಡಿ. ಗುಂಡಿಗಳು ಹೆಚ್ಚು, ಭಾರವೂ ಹೆಚ್ಚು. ಆದರೂ ಕೊಲ್ಲಿಯ ನಾಡುಗಳಿಂದ ಮರಳಿದ ಕರಾವಳಿಯವರು ಅದನ್ನೇ ಹೊತ್ತು ತಂದರು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಬಂದ ಮೇಲೆ ಭಾವಗೀತೆಗಳು ಮನೆಮನೆಗೆ ಹರಡಿದುವು. ಅವನ್ನು ಕೇಳಲು ಬರಿಯ ವಾದನಯಂತ್ರ ಸಾಕಾಗುತ್ತಿತ್ತು. ಆದರೆ ಇಡೀ ರಾತ್ರಿ ನಡೆದ ಯಕ್ಷಗಾನದ ಭಾಗವತಿಕೆ, ತಾಳಮದ್ದಳೆಯ ಅರ್ಥಗಾರಿಕೆ, ಅಜ್ಜಿಯ ಹಸೆಹಾಡು, ಆಕಾಶವಾಣಿಯಲ್ಲಿ ಒಮ್ಮೆ ಬಂದು ಹೋದ ಗಾಯನ, ಇವನ್ನು ಯಾವ ಕಂಪನಿ ಮುದ್ರಿಸಿ ಮಾರುತ್ತಿತ್ತು? ಶ್ರೋತೃವೇ ಮುದ್ರಿಸಿಕೊಳ್ಳಬೇಕಾಗಿತ್ತು. ಕೆಂಪು ಗುಂಡಿಯನ್ನೂ ಅದರ ಪಕ್ಕದ ಗುಂಡಿಯನ್ನೂ ಒಟ್ಟಿಗೆ ಒತ್ತುವ ಆ ಚಿಕ್ಕ ವಿದ್ಯೆ ಬಹುಮಂದಿಗೆ ತಿಳಿದಿತ್ತು. ಆದಕಾರಣ, ಹೆಚ್ಚಿನ ಸೌಲಭ್ಯವೆಂದರೆ ಸದಾ ಅಲಂಕಾರವೆಂಬ ಮತವನ್ನು ನಾನು ಒಪ್ಪಲಾರೆ.

ಎರಡನೆಯ ಅಂಕ ಗಣಕಯುಗದ್ದು. 1998ರಲ್ಲಿ ಬಂದ ಎಂಪಿಮ್ಯಾನ್ ಮತ್ತು ಡೈಮಂಡ್ ರಿಯೋ ಯಂತ್ರಗಳ 32 ಮೆಗಾಬೈಟ್ ಸ್ಮರಣೆಯಲ್ಲಿ ಹಿಡಿಯುತ್ತಿದ್ದುದು ಸುಮಾರು ಅರ್ಧ ಗಂಟೆಯ ಸಂಗೀತ. 2000ದಲ್ಲಿ ಕ್ರಿಯೇಟಿವ್ ಸಂಸ್ಥೆಯ ನೋಮ್ಯಾಡ್ ಜೂಕ್‌ಬಾಕ್ಸ್ 6 ಗಿಗಾಬೈಟ್ ಹಿಡಿಸಿತು, ಆದರೆ ಕಿಸೆಗೆ ಹಿಡಿಸಲಿಲ್ಲ. 2001ರ ಅಕ್ಟೋಬರ್ 23ರಂದು ಆ್ಯಪಲ್ ಸಂಸ್ಥೆಯು ಐಪಾಡನ್ನು ಹೊರತಂದಾಗ ಅದರಲ್ಲಿ 5 ಗಿಗಾಬೈಟ್ ಮಾತ್ರವಿತ್ತು; ರೇಡಿಯೋ ಇಲ್ಲ, ಧ್ವನಿಮುದ್ರಣವಿಲ್ಲ, ಬೆಲೆ 399 ಡಾಲರು. ಯಂತ್ರವಿದ್ಯೆಯನ್ನು ಬಲ್ಲ ವಿಮರ್ಶಕರು ಕೆಲವರು ನೋಮ್ಯಾಡಿನೊಡನೆ ಹೋಲಿಸಿ ಇದನ್ನು ಹಗುರವಾಗಿ ಕಂಡರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ; ಸಾವಿರ ಹಾಡುಗಳ ನಡುವೆ ಒಂದನ್ನು ಹೆಬ್ಬೆರಳಿನಿಂದ ಚಕ್ರ ತಿರುಗಿಸಿ ಹುಡುಕುವ ಸುಖ ಮಾತ್ರ ಆ ಲೆಕ್ಕದಲ್ಲಿ ಸೇರಿರಲಿಲ್ಲ.

ಐಪಾಡಿನ ಸರಳತೆಯ ಗುಟ್ಟು ಅದರ ಹೊರಗೇ ಇತ್ತೆಂಬುದನ್ನು ಗಮನಿಸತಕ್ಕದ್ದು. ಹಾಡುಗಳನ್ನು ವಿಂಗಡಿಸುವುದು, ಹೆಸರು ತಿದ್ದುವುದು, ಪಟ್ಟಿ ಮಾಡುವುದು ಇವೆಲ್ಲವನ್ನೂ ಮೇಜಿನ ಮೇಲಿನ ಗಣಕಕ್ಕೂ ಅದರ ಐಟ್ಯೂನ್ಸ್ ತಂತ್ರಾಂಶಕ್ಕೂ ಒಪ್ಪಿಸಲಾಗಿತ್ತು. ತೊಡಕು ನಾಶವಾಗಲಿಲ್ಲ, ಮನೆ ಬದಲಾಯಿಸಿತು. ಗಣಕವಿದ್ದವನಿಗೆ ಇದು ವರ; ಇಲ್ಲದವನಿಗೆ ಆ ಯಂತ್ರವೇ ನಿರುಪಯುಕ್ತ. ಕೊರಿಯದ ಐರಿವರ್ ಸಂಸ್ಥೆಯ ಎಚ್120ಯಂಥ ಯಂತ್ರಗಳು ಇದಕ್ಕೆ ವಿರುದ್ಧವಾದ ದಾರಿ ಹಿಡಿದುವು: ರೇಡಿಯೋ, ಹೊರಗಿನ ಧ್ವನಿಯ ಮುದ್ರಣ, ಯಾವ ತಂತ್ರಾಂಶದ ಹಂಗೂ ಇಲ್ಲದೆ ಕಡತಗಳನ್ನು ನಕಲು ಮಾಡುವ ಸ್ವಾತಂತ್ರ್ಯ. ಕಲಿಯುವುದು ಕಷ್ಟ, ಕಲಿತವನಿಗೆ ಕೈ ತುಂಬ ಕೆಲಸ. ಪೇಟೆ ಗೆದ್ದುದು ಐಪಾಡು. ಕ್ಷೇತ್ರಕಾರ್ಯಕ್ಕೆ ಹೋಗುವ ಜಾನಪದ ಸಂಶೋಧಕನು ನನ್ನನ್ನು ಕೇಳಿದ್ದರೆ ಐರಿವರನ್ನೇ ಹೇಳುತ್ತಿದ್ದೆ.

ಕಳೆಯುವುದಕ್ಕೂ ಒಂದು ಮಿತಿಯುಂಟು. 2005ರ ಐಪಾಡ್ ಷಫಲ್‌ನಲ್ಲಿ ತೆರೆಯನ್ನೇ ತೆಗೆದರು, ಜನ ಒಪ್ಪಿದರು. 2009ರಲ್ಲಿ ಯಂತ್ರದ ಮೈಮೇಲಿನ ಗುಂಡಿಗಳನ್ನೂ ತೆಗೆದು ಕಿವಿಯ ತಂತಿಗೆ ಸೇರಿಸಿದರು. ಒಮ್ಮೆ ಒತ್ತಿದರೆ ಒಂದು ಅರ್ಥ, ಎರಡು ಸಲ ಒತ್ತಿದರೆ ಇನ್ನೊಂದು, ಮೂರು ಸಲಕ್ಕೆ ಮತ್ತೊಂದು. ಬೇರೆ ತಂತಿ ಹಾಕಿದರೆ ಯಂತ್ರ ಹಿಡಿತಕ್ಕೆ ಸಿಗದು. ನೋಡಲು ಇದಕ್ಕಿಂತ ಸರಳವಾದುದಿಲ್ಲ, ಬಳಸಲು ಇದಕ್ಕಿಂತ ಕ್ಲಿಷ್ಟವಾದುದಿಲ್ಲ. 2010ರಲ್ಲಿ ಗುಂಡಿಗಳು ಮರಳಿ ಬಂದುವು.

2022ರಲ್ಲಿ ಐಪಾಡಿನ ಕೊನೆಯ ಮಾದರಿಯೂ ನಿಂತುಹೋಯಿತು. ಎಲ್ಲವನ್ನೂ ಮಾಡುವ ದೂರವಾಣಿ ಅದನ್ನು ನುಂಗಿತ್ತು. ಈ ನಡುವೆ 2017ರಲ್ಲಿ ಸರಿಗಮ ಸಂಸ್ಥೆ, ಹಿಂದಿನ ಗ್ರಾಮಫೋನ್ ಕಂಪನಿ ಆಫ್ ಇಂಡಿಯ, 5,000 ಹಳೆಯ ಹಿಂದಿ ಹಾಡುಗಳನ್ನು ತುಂಬಿಸಿಟ್ಟ ಕಾರವಾನ್ ಎಂಬ ಪೆಟ್ಟಿಗೆಯನ್ನು ವೃದ್ಧ ಶ್ರೋತೃಗಳನ್ನು ನೆನೆದು ಹೊರತಂದು ಯಶಸ್ವಿಯಾಯಿತು. ಹಳೆಯ ರೇಡಿಯೋದಂಥ ರೂಪ, ತಿರುಗಿಸುವ ಬಿರಡೆ. ಅಂತರ್ಜಾಲ ಬೇಡ, ಗಣಕ ಬೇಡ. ಅದರಲ್ಲಿ ಕಂಪನಿಯ ಭಂಡಾರದಲ್ಲಿದ್ದುದು ಉಂಟು, ನಮ್ಮ ಅಜ್ಜಿಯ ಹಸೆಹಾಡು ಇಲ್ಲ.

ಆ ಹಸೆಹಾಡು ಎಲ್ಲಿದೆಯೆಂದರೆ, ಮುಂಬಯಿ, ಪುಣೆಗಳ ಅನೇಕ ಕನ್ನಡ ಮನೆಗಳ ಕಪಾಟಿನಲ್ಲಿ ಹೆಸರು ಅಳಿಸಿಹೋದ ಸುರುಳಿಗಳಲ್ಲಿದೆ. ಅವನ್ನು ಗಣಕಕ್ಕೆ ಏರಿಸಲು ಬೇಕಾದುದು ಇಷ್ಟೆ: ಕೆಡದೆ ಉಳಿದ ಒಂದು ಟೂ-ಇನ್-ಒನ್ ಅಥವಾ ವಾಕ್‌ಮನ್, ಅದರ ಕಿವಿಯ ರಂಧ್ರದಿಂದ ಗಣಕಕ್ಕೆ ಒಂದು ತಂತಿ, ಮತ್ತು ಸುರುಳಿ ಓಡುವಷ್ಟು ಹೊತ್ತು ಪಕ್ಕದಲ್ಲಿ ಕೂರುವ ತಾಳ್ಮೆ.