ಕೊಂಪಾಸ್ ಮತ್ತು ಸ್ವಂತಿಕೆ: ಡಿಯೆಗೊ ದೆಲ್ ಗಾಸ್ಟೊರ್ ವಾದನಶೈಲಿಯ ಮರುಪರಿಶೀಲನೆ

ಫ್ಲಮೆಂಕೊ ಗಿಟಾರಿನ ಚರಿತ್ರೆ ಬಹುಮಟ್ಟಿಗೆ ಧ್ವನಿಮುದ್ರಿಕೆಗಳನ್ನು ನೆಚ್ಚಿ ಬರೆದದ್ದು. ಗಾಯಕರ ಪಕ್ಕವಾದ್ಯವಾಗಿದ್ದ ಗಿಟಾರನ್ನು ಸ್ವತಂತ್ರ ಕಛೇರಿಗೆ ತಂದವರಲ್ಲಿ ಪ್ರಮುಖನಾದ ರಮೋನ್ ಮೊಂತೋಯಾ 1936ರಲ್ಲಿ ಪ್ಯಾರಿಸಿನಲ್ಲಿ ಮುದ್ರಿಸಿದ ವಾದನಗಳು, ಅಂತರ್ಯುದ್ಧದ ಕಾಲದಲ್ಲಿ ಸ್ಪೇನ್ ತೊರೆದು ಮುಂದೆ ನ್ಯೂಯಾರ್ಕಿನಲ್ಲಿ ನೆಲೆಸಿದ ಸಾಬಿಕಾಸ್, ಆಮೇಲೆ ಪಾಕೊ ದೆ ಲುಸಿಯಾ: ಈ ಸಾಲಿನಲ್ಲಿ ಬೆರಳಿನ ವೇಗ ಏರುತ್ತಲೇ ಹೋಗುತ್ತದೆ. ವೇಗವನ್ನೇ ಮಾನದಂಡ ಮಾಡಿಕೊಂಡರೆ ಡಿಯೆಗೊ ದೆಲ್ ಗಾಸ್ಟೊರ್‌ಗೆ (1908–1973) ಸಿಗುವುದು ಅಡಿಟಿಪ್ಪಣಿಯ ಜಾಗ. ಅದು ಅನ್ಯಾಯವೆಂದೇ ನನ್ನ ವಾದ.

ಡಿಯೆಗೊ ಬಾಳಿದ್ದು ಸೆವಿಲ್ಲೆ ಪ್ರಾಂತ್ಯದ ಮೊರೋನ್ ದೆ ಲಾ ಫ್ರೊಂತೇರಾ ಎಂಬ ಊರಿನಲ್ಲಿ. ದೊಡ್ಡ ವೇದಿಕೆ, ಮುದ್ರಣ ಕಂಪನಿ ಎರಡರಿಂದಲೂ ದೂರವೇ ಉಳಿದ. ಹುಯಾನ್ ತಾಲೇಗಾ, ಫೆರ್ನಾಂಡಾ ದೆ ಉತ್ರೇರಾರಂಥ ಗಾಯಕರ ಜೊತೆ ಆಪ್ತಕೂಟಗಳಲ್ಲಿ ನುಡಿಸಿದ. ಫ್ಲಮೆಂಕೊ ಕುರಿತು ಡಾನ್ ಪೋರೆನ್ ಎಂಬ ಅಮೆರಿಕನ್ ಲೇಖಕ ಬರೆದ ಪುಸ್ತಕ 1962ರಲ್ಲಿ ಬಂದ ಮೇಲೆ ವಿದೇಶಿ ಶಿಷ್ಯರು ಟೇಪ್ ರೆಕಾರ್ಡರ್ ಹಿಡಿದು ಮೊರೋನಿಗೆ ಬಂದರು. ನಮಗೆ ದಕ್ಕಿರುವ ಆಕರಗಳಲ್ಲಿ ಹೆಚ್ಚಿನವು ಆ ಖಾಸಗಿ ಟೇಪುಗಳೇ. 1970ರ ದಶಕದ ಆರಂಭದ ಸ್ಪ್ಯಾನಿಷ್ ದೂರದರ್ಶನ ಸರಣಿಯೊಂದರ ದೃಶ್ಯಗಳೂ ಇವೆ. ಸ್ಟುಡಿಯೊದ ಶುದ್ಧತೆ ಅವುಗಳಲ್ಲಿಲ್ಲ. ಆದರೆ ಲಯವನ್ನು ಪರೀಕ್ಷಿಸಲು ಇಂಥ ಆಕರವೇ ಮೇಲು: ಸುತ್ತ ಕೂತವರ ಚಪ್ಪಾಳೆಯ ಎದುರು ವಾದಕ ಎಲ್ಲಿ ನಿಂತ, ಎಲ್ಲಿ ತಡೆದ ಎಂಬುದು ಮುಚ್ಚುಮರೆಯಿಲ್ಲದೆ ಕೇಳುತ್ತದೆ.

ಫ್ಲಮೆಂಕೊದ ಲಯಚಕ್ರಕ್ಕೆ ಕೊಂಪಾಸ್ ಎನ್ನುತ್ತಾರೆ. ಬುಲೇರಿಯಾ ಎಂಬ ಪ್ರಕಾರದಲ್ಲಿ ಹನ್ನೆರಡು ಎಣಿಕೆಗಳು; ಒತ್ತು ಸಾಮಾನ್ಯವಾಗಿ 12, 3, 6, 8, 10ರ ಮೇಲೆ. ಸಮಕ್ಕೆ ಬಂದು ಮುಗಿಸುವ ನಮ್ಮ ತಾಳದ ಅಭ್ಯಾಸವಿರುವ ಕಿವಿಗೆ ಇದು ಮೊದಲು ಗೊಂದಲವೇ. ಇಲ್ಲಿ ನುಡಿಗಟ್ಟು ಬಹುಪಾಲು ಹತ್ತನೆಯ ಎಣಿಕೆಯಲ್ಲಿ ಮುಗಿಯುತ್ತದೆ, ಉಳಿದೆರಡು ಉಸಿರಿಗೆ. ಡಿಯೆಗೊನ ಪ್ರತಿಭೆ ಕಾಣುವುದು ಈ ಬಿಡುವುಗಳಲ್ಲಿ. ಹೆಬ್ಬೆರಳಿನಿಂದ ಮಂದ್ರದ ತಂತಿಗಳಲ್ಲಿ ಕೆಲವೇ ಸ್ವರ ಮೀಟಿ, ಒಂದನ್ನು ಬೇಕೆಂದೇ ತಡಮಾಡಿ, ಮುಂದಿನ ಒತ್ತಿಗೆ ಕರಾರುವಾಕ್ಕಾಗಿ ಬಂದು ಸೇರುತ್ತಾನೆ. ಎಣಿಸುತ್ತ ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಸ್ವಂತಿಕೆಯ ಪ್ರಶ್ನೆ ಇನ್ನೂ ಜಟಿಲ. ಹಾಡಿನ ಸಾಲುಗಳ ನಡುವೆ ಗಿಟಾರ್ ನುಡಿಸುವ ಕಿರುರಚನೆ, ಅಂದರೆ ಫಾಲ್ಸೇಟಾ, ಯಾರೊಬ್ಬರ ಸ್ವತ್ತಾಗಿಯೂ ಉಳಿಯುವುದಿಲ್ಲ. ಕೇಳಿದವರು ಎತ್ತಿಕೊಳ್ಳುತ್ತಾರೆ, ತಿದ್ದುತ್ತಾರೆ. ಬೇರೆ ವಾದಕರು ಕೇಳುತ್ತಿದ್ದರೆ ಮನೋಲೊ ದೆ ಹುಯೆಲ್ವಾ ತನ್ನ ಉತ್ತಮ ಫಾಲ್ಸೇಟಾಗಳನ್ನು ನುಡಿಸುತ್ತಲೇ ಇರಲಿಲ್ಲವೆಂಬ ಪ್ರತೀತಿ ಹುಟ್ಟಿದ್ದು ಸುಮ್ಮನೆ ಅಲ್ಲ! ಆದ್ದರಿಂದ ಹೊಸ ರಾಗಖಂಡಗಳ ಲೆಕ್ಕ ಹಿಡಿದು ಸ್ವಂತಿಕೆಯನ್ನು ಅಳೆಯಲಾಗದು. ಡಿಯೆಗೊನ ಫಾಲ್ಸೇಟಾಗಳನ್ನು ಅವನ ಸೋದರಳಿಯ ಪಾಕೊ ದೆಲ್ ಗಾಸ್ಟೊರ್ ಕೂಡ ನುಡಿಸಿದ್ದಾನೆ. ಅಳಿಯನ ಕೈಯಲ್ಲಿ ಅವು ಬಿರುಸಾಗಿ ಮುನ್ನುಗ್ಗುತ್ತವೆ, ಮಾವನಲ್ಲಿ ತೂಗಾಡುತ್ತವೆ. ಸ್ವರ ಹೆಚ್ಚುಕಡಿಮೆ ಅವೇ, ನಡೆ ಬೇರೆ.

ಡಿಯೆಗೊನ ವ್ಯಾಪ್ತಿ ಕಿರಿದು, ನಿಜ. ಸೊಲೆಯಾ, ಸಿಗಿರಿಯಾ, ಬುಲೇರಿಯಾ ಪ್ರಕಾರಗಳಾಚೆ ಅವನಿಗೆ ಆಸಕ್ತಿ ಕಡಿಮೆ. ಅವನು ತೀರಿಕೊಂಡ 1973ರಲ್ಲೇ ಪಾಕೊ ದೆ ಲುಸಿಯಾನ 'ಫುಯೆಂತೆ ಇ ಕೌದಾಲ್' ಎಂಬ ಧ್ವನಿಮುದ್ರಿಕೆ ಹೊರಬಂತು. ಅದರಲ್ಲಿನ 'ಎಂತ್ರೆ ದೋಸ್ ಅಗ್ವಾಸ್' ಎಂಬ ರುಂಬಾ ಜಗತ್ತಿಡೀ ಹಬ್ಬಿತು, ಎಳೆಯ ವಾದಕರೆಲ್ಲ ಆ ಕಡೆ ತಿರುಗಿದರು. ಅವರಲ್ಲಿ ಹಲವರು ಹಿಡಿದದ್ದು ಪಾಕೊನ ವೇಗವನ್ನು ಮಾತ್ರ. ಅವನ ಅತಿವೇಗದ ಓಟವೂ ಕೊಂಪಾಸಿನ ಒತ್ತುಗಳಿಗೆ ಕಟ್ಟುಬಿದ್ದೇ ಸಾಗುತ್ತದೆ ಎಂಬುದನ್ನು ಗಮನಿಸಲು, ಮೊದಲು ಡಿಯೆಗೊನ ನಿಧಾನದ ಬುಲೇರಿಯಾಗಳನ್ನು ಎಣಿಕೆ ತಪ್ಪದೆ ಕೇಳಬೇಕು.