ಡಿಕ್ಲರೇಷನ್ ಕೊಟ್ಟ ವರ್ಷ

ಮೊನ್ನೆ ಸಂಜೆ ಅತ್ತಾವರ ಕಟ್ಟೆ ಹತ್ತಿರ ಚಾ ಕುಡಿಯುವಾಗ ಒಬ್ಬರು ಹೇಳಿದರು, "ರಾಜಕೀಯದಿಂದ ನಮಗೆ ಎಂತ ಸಿಕ್ಕಿದ್ದು ಮಾರಾಯ್ರೆ? ಎಲ್ಲ ಅವರವರ ಹೊಟ್ಟೆಗೆ." ಕೂತಿದ್ದ ನಾಲ್ಕೈದು ಜನ ಹೌದು ಹೌದು ಅಂದರು. ನಾನೂ ತಲೆ ಅಲ್ಲಾಡಿಸಿದೆ. ಮನೆಗೆ ಬಂದು ತೆಂಗಿನ ಬುಡಕ್ಕೆ ನೀರು ಬಿಟ್ಟು ನಿಂತಾಗ ನನಗೇ ನಾಚಿಕೆ ಆಯಿತು. ಆ ಮಾತು ಹೇಳಿದವರ ಜಾಗ ಎಲ್ಲಿಂದ ಬಂತು ಅಂತ ನನಗೆ ಗೊತ್ತುಂಟು. ನನ್ನದು ಎಲ್ಲಿಂದ ಬಂತು ಅಂತಲೂ ಗೊತ್ತುಂಟು. ಹಳೇ ಕಾಗದ ತೆಗೆದು ನೋಡಿದರೆ ನಮ್ಮ ಕಡೆ ಅರ್ಧ ಜನರ ಜಾಗದ ಮೂಲ ಒಂದೇ, ಡಿಕ್ಲರೇಷನ್.

ಸಣ್ಣ ಪ್ರಾಯದವರಿಗೆ ಈ ಶಬ್ದ ಗೊತ್ತಿರಲಿಕ್ಕಿಲ್ಲ. ಸರಕಾರಿ ಭಾಷೆಯಲ್ಲಿ ಅದು ಫಾರಂ ನಂಬರ್ 7. ನಮ್ಮ ಜಿಲ್ಲೆಯಲ್ಲಿ ಯಾರೂ ಹಾಗೆ ಹೇಳ್ಲಿಲ್ಲ, "ಡಿಕ್ಲರೇಷನ್ ಕೊಟ್ಟದ್ದು", "ಡಿಕ್ಲರೇಷನ್‌ನಲ್ಲಿ ಸಿಕ್ಕಿದ್ದು", "ಡಿಕ್ಲರೇಷನ್‌ನಲ್ಲಿ ಹೋದದ್ದು" ಅಂತಲೇ ಹೇಳುವುದು. ಸಿಕ್ಕಿದವರ ಮನೆಯಲ್ಲೂ ಹೋದವರ ಮನೆಯಲ್ಲೂ ಶಬ್ದ ಒಂದೇ.

ಈಗ ಅತ್ತಾವರ ಅಂದರೆ ಆಸ್ಪತ್ರೆ, ಹಾಸ್ಟೆಲು, ಫ್ಲಾಟು. ನಾನು ಸಣ್ಣವನಿರುವಾಗ ಇಲ್ಲಿ ಬೈಲು ಇತ್ತು, ಏಣೇಲು ಬೆಳೆ ತೆಗೀತಿದ್ದೆವು. ಗದ್ದೆ ನಮ್ಮದಲ್ಲ, ಚಾಲಗೇಣಿ. ಮೂಲಗೇಣಿಯವರನ್ನು ಸುಲಭದಲ್ಲಿ ಎಬ್ಬಿಸಲಿಕ್ಕೆ ಆಗುವುದಿಲ್ಲ. ಚಾಲಗೇಣಿ ಹಾಗಲ್ಲ, ಧಣಿಯ ಮನಸ್ಸು ಕೆಟ್ಟರೆ ಒಕ್ಕಲು ಹೋಯಿತು. ಕೊಯ್ಲು ಮುಗಿದ ಮೇಲೆ ಮುಡಿ ಕಟ್ಟಿ ಅಕ್ಕಿ ಅಳೆಯುವುದು, ಬಿಸುವಿಗೆ ಸೌತೆಕಾಯಿ, ಬಾಳೆಗೊನೆ ಬುಳೆಕಾಣಿಕೆ ಕೊಂಡುಹೋಗುವುದು. ಅಪ್ಪ ಅಂಗಳದಲ್ಲೇ ನಿಲ್ಲುತ್ತಿದ್ದ. ಮಳೆ ಕೈಕೊಟ್ಟ ವರ್ಷ ಗೇಣಿ ಬಾಕಿಯಾದರೆ ಅದು ಮುಂದಿನ ವರ್ಷಕ್ಕೆ ಸೇರುತ್ತಿತ್ತು.

ಕಾನೂನು ಇರಲಿಲ್ಲ ಅಂತಲ್ಲ. 1961ರಲ್ಲಿ ಭೂಸುಧಾರಣೆ ಕಾಯ್ದೆ ಮಾಡಿದರು, ಅದು ಜಾರಿಗೆ ಬರುವಾಗ 1965ರ ಅಕ್ಟೋಬರ್ 2. ಅದರಲ್ಲಿ ಧಣಿ "ನಾನೇ ಬೇಸಾಯ ಮಾಡ್ತೇನೆ" ಅಂತ ಹೇಳಿ ಜಾಗ ವಾಪಸ್ ಕೇಳುವ ದಾರಿ ಇತ್ತು. ದಾರಿ ಇದ್ದರೆ ಜನ ನಡೀತಾರೆ. ಅಷ್ಟರಲ್ಲಿ ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿಯೇ ಹೋಯಿತು. 1956ರ ತನಕ ಕಾಸರಗೋಡು ನಮ್ಮ ಜಿಲ್ಲೆಯದ್ದೇ ತಾಲೂಕು, ನೆಂಟರೆಲ್ಲ ಆಚೆ ಈಚೆ. ಮಂಜೇಶ್ವರದ ಮಾವ ಮದುವೆಗೆ ಬಂದವರು "ನಾವು ಈಗ ಯಾರಿಗೂ ಅಕ್ಕಿ ಅಳೆಯುವುದಿಲ್ಲ" ಅಂತ ಹೇಳಿದ್ದನ್ನು ಅಪ್ಪ ಎಷ್ಟೋ ಸಲ ನೆನಪು ಮಾಡುತ್ತಿದ್ದ. ಗಡಿ ಆಚೆ ಒಡೆಯ, ಈಚೆ ಒಕ್ಕಲು.

ನಮ್ಮಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾದದ್ದು 1972ರಲ್ಲಿ. ಅವರ ತಿದ್ದುಪಡಿ 1974ರ ಮಾರ್ಚ್ 1ರಿಂದ ಬಂತು. ಆ ದಿನದಿಂದ ಗೇಣಿಯ ಬೇಸಾಯದ ಜಾಗವೆಲ್ಲ ಸರಕಾರಕ್ಕೆ ಸೇರಿತು, ಬೇಸಾಯ ಮಾಡುವವ ಅರ್ಜಿ ಕೊಟ್ಟು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಸೈನಿಕರಿಗೂ ಹಡಗಿನಲ್ಲಿ ಕೆಲಸ ಮಾಡುವವರಿಗೂ ಬಿಟ್ಟರೆ ಯಾರಿಗೂ ವಿನಾಯಿತಿ ಇಲ್ಲ. ನಮ್ಮ ಜಿಲ್ಲೆಯ ಬಿ. ಸುಬ್ಬಯ್ಯ ಶೆಟ್ಟರು ಭೂಸುಧಾರಣೆಯ ಮಂತ್ರಿ. ಭೂಮಿ ಕಳಕೊಂಡವರಲ್ಲಿ ಶೆಟ್ಟರ ಮನೆಗಳೇ ಎಷ್ಟು ಅಂತ ನಿಮಗೆ ಗೊತ್ತುಂಟಲ್ಲ. ಸ್ವಂತದವರ ಮುಖ ನೋಡಿಕೊಂಡು ಆ ಕೆಲಸ ಮಾಡುವುದು ಸುಲಭ ಅಲ್ಲ.

ಅಪ್ಪನ ಫಾರಂ ತುಂಬಿಸಿದ್ದು ಹತ್ತಿರದ ಒಬ್ಬರು ಮಾಸ್ಟ್ರು. ವಿಚಾರಣೆಗೆ ಕರೆದಾಗ ನಾನು ನಾಲ್ಕನೇ ಕ್ಲಾಸು, ಶಾಲೆಗೆ ರಜೆ ಮಾಡಿಸಿ ಕರಕೊಂಡು ಹೋದ. ಯಾಕೆ ಅಂತ ಈಗಲೂ ಗೊತ್ತಿಲ್ಲ, ಧೈರ್ಯಕ್ಕೆ ಇರಬೇಕು. ಕೋರ್ಟು ಅಂತ ಹೆದರಿದ್ದೆವು, ಅಲ್ಲಿ ನೋಡಿದರೆ ಕಪ್ಪು ಕೋಟೇ ಇಲ್ಲ. ಟ್ರಿಬ್ಯೂನಲ್‌ನಲ್ಲಿ ವಕೀಲರು ವಾದ ಮಾಡುವ ಹಾಗಿಲ್ಲ ಅಂತ ಆಗಿನ ಕಾನೂನೇ ಇತ್ತು. ಅಸಿಸ್ಟೆಂಟ್ ಕಮಿಷನರು ನಡುವೆ, ಜೊತೆಗೆ ಸರಕಾರ ನೇಮಿಸಿದ ಊರವರು. ಅಪ್ಪ ಲುಂಗಿ ಬಿಟ್ಟು ಪಂಚೆ ಉಟ್ಟುಕೊಂಡು ಹೋಗಿದ್ದ. ಕೂತುಕೊಳ್ಳಿ ಅಂತ ಹೇಳಿದಾಗ ಕುರ್ಚಿಯ ಅಂಚಿನಲ್ಲಿ ಕೂತ. ಧಣಿ ಮನೆಯವರೂ ಅಂಥದ್ದೇ ಇನ್ನೊಂದು ಕುರ್ಚಿಯಲ್ಲಿ. ಸರಕಾರ ಅಂದರೆ ನನಗೆ ಈಗಲೂ ಮೊದಲು ನೆನಪಾಗುವುದು ಆ ಎರಡು ಕುರ್ಚಿ.

ನಮ್ಮಲ್ಲಿ ಗೇಣಿ ಚೀಟಿ ಇರಲಿಲ್ಲ. ಕೊಡುತ್ತಿರಲಿಲ್ಲ, ಅಪ್ಪ ಕೇಳುತ್ತಲೂ ಇರಲಿಲ್ಲ. ಪಹಣಿಯಲ್ಲಿ ಬೇಸಾಯಗಾರನ ಕಾಲಂನಲ್ಲಿ ಅಪ್ಪನ ಹೆಸರು ಒಂದು ವರ್ಷ ಉಂಟು, ಇನ್ನೊಂದು ವರ್ಷ ಇಲ್ಲ. ಸಾಕ್ಷಿ ಬೇಕು ಅಂದರು. ನೆರೆಕರೆಯ ಗಂಡಸರು ಒಬ್ಬೊಬ್ಬರೇ ಹಿಂದೆ ಸರಿದರು. ಅವರೂ ಯಾರದ್ದೋ ಒಕ್ಕಲು, ತಪ್ಪು ಹೇಳಲಿಕ್ಕೆ ಆಗುವುದಿಲ್ಲ. ಕೊನೆಗೆ ಬಂದದ್ದು ನಮ್ಮ ಗದ್ದೆಯಲ್ಲಿ ನೇಜಿ ನೆಡುತ್ತಿದ್ದ ಒಬ್ಬ ಹೆಂಗಸು. ಅಪ್ಪ ಅವರನ್ನು ಅಕ್ಕ ಅಂತ ಕರೆಯುತ್ತಿದ್ದ. ಅವರು ಬಾಗಿಲ ಹತ್ತಿರ ನಿಂತುಕೊಂಡೇ ತುಳುವಿನಲ್ಲಿ ಹೇಳಿದರು: ಈ ಗದ್ದೆಗೆ ಕೋಣ ಕಟ್ಟುವುದು ಇವನೇ, ನನಗೆ ಸಂಬಳದ ಭತ್ತ ಅಳೆದು ಕೊಟ್ಟದ್ದೂ ಇವನೇ, ಬೇರೆ ಯಾರೂ ಬರ್ಲಿಲ್ಲ. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಕಂಡಕ್ಕೆ ಎಷ್ಟು ಸೂಡಿ ನೇಜಿ ಬೇಕು ಅಂತಲೂ ಹೇಳಿದರು. ಜಾಗ ನೋಡಲಿಕ್ಕೆ ಬಂದಾಗ ಎಲ್ಲ ಸರಿ ಇತ್ತು. ಮರುವರ್ಷ ತೀರ್ಪು ನಮ್ಮ ಕಡೆ ಆಯಿತು. ಕಟ್ಟಬೇಕಾದ ದುಡ್ಡನ್ನು ಅಪ್ಪ ಕಂತಿನಲ್ಲಿ ಕಟ್ಟಿದ.

ಧಣಿ ಮನೆಯಲ್ಲಿ ಆಗ ಇದ್ದದ್ದು ಒಬ್ಬ ವಿಧವೆ ಅಮ್ಮ, ಎರಡು ಹೆಣ್ಣುಮಕ್ಕಳು. ದೊಡ್ಡ ಜಮೀನ್ದಾರರೇನಲ್ಲ. ಅವರಿಗೆ ಬಂದ ಪರಿಹಾರ ಗೇಣಿ ಅಕ್ಕಿಗೆ ಸಮ ಆಗಲಿಲ್ಲ. ಮರುವರ್ಷ ಬಿಸುವಿಗೆ ಅಪ್ಪ ಸೌತೆಕಾಯಿ ಹಿಡಿದುಕೊಂಡು ಹೋದ. ಅವರು ಬಾಗಿಲು ತೆಗೆಯಲಿಲ್ಲ. ಅವರ ಸಿಟ್ಟು ಸುಳ್ಳು ಅಂತ ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಆದರೂ ಕಾನೂನು ತಪ್ಪು ಅಂತ ಹೇಳುವುದಿಲ್ಲ. ನಾನು ಎಸ್‌ಎಸ್‌ಎಲ್‌ಸಿ ಪಾಸಾದದ್ದು ಗೇಣಿಗೆ ಹೋಗದೆ ಮನೆಯಲ್ಲಿ ಉಳಿದ ಅಕ್ಕಿಯಲ್ಲಿ.

ನನಗೆ ಚುಚ್ಚುವುದು ಬೇರೆ ಒಂದು. ಸಾಕ್ಷಿ ಹೇಳಿದ ಆ ಅಕ್ಕನಿಗೆ ಎಂತ ಸಿಕ್ಕಿತು? ಉಳುವವನೇ ಹೊಲದೊಡೆಯ ಅಂತ ಗೋಡೆಯಲ್ಲೆಲ್ಲ ಬರೆದಿದ್ದರು, ನೇಜಿ ನೆಡುವವಳ ಹೆಸರು ಎಲ್ಲಿಯೂ ಇರಲಿಲ್ಲ. ಕೂಲಿಯವರಿಗೆ ಗದ್ದೆ ಇಲ್ಲ. ಆದರೆ ಬೇರೆಯವರ ಜಾಗದಲ್ಲಿ ಗುಡಿಸಲು ಹಾಕಿಕೊಂಡ ಕೃಷಿ ಕೂಲಿಯವರಿಗೆ ಆ ಮನೆ ಅಡಿಯ ಜಾಗ ಸಿಗಬೇಕು ಅಂತ ಅದೇ ಕಾಯ್ದೆಯಲ್ಲಿ ಇತ್ತು. ಅವರ ಗುಡಿಸಲು ಇದ್ದದ್ದು ಯಾರದ್ದೋ ತೋಟದ ಮೂಲೆಯಲ್ಲಿ. ಅರ್ಜಿ ಕೊಡಬಹುದಿತ್ತು. ಓದು ಬರದ ಅವರಿಗೆ ಯಾರಾದರೂ ಹೇಳಬೇಕಿತ್ತು. ನಮ್ಮ ಫಾರಂ ತುಂಬಿಸಿದ ಮಾಸ್ಟ್ರು ಪಕ್ಕದಲ್ಲೇ ಇದ್ದರು, ಅಪ್ಪ ಕೇಳಲಿಲ್ಲ. 1979ರ ಜೂನ್ 30ಕ್ಕೆ ಡಿಕ್ಲರೇಷನ್‌ನ ವಾಯಿದೆ ಮುಗಿಯಿತು. ಆ ತೋಟ ಮಾರಾಟ ಆದಾಗ ಅವರು ಗಂಟು ಕಟ್ಟಿಕೊಂಡು ತೊಕ್ಕೊಟ್ಟು ಕಡೆಗೆ ಹೋದರು. ಅಪ್ಪ ಕೆಟ್ಟವನಲ್ಲ. ತನಗೆ ಸಿಕ್ಕಿದ ಮೇಲೆ ರಾಜಕೀಯ ಮುಗಿಯಿತು ಅಂತ ತಿಳಕೊಂಡ, ಅಷ್ಟೇ. ಕಟ್ಟೆಯಲ್ಲಿ ನಾವೂ ಹಾಗೇ ಅಲ್ವಾ.

ಪೇಟೆಯ ಮನೆಜಾಗದ ಮೂಲಗೇಣಿಯವರ ಕಥೆ ಇನ್ನೊಂದು, ಅವರಿಗೆ 1974ರಲ್ಲಿ ಏನೂ ಸಿಗಲಿಲ್ಲ, ಕಾಯ್ದೆ ಬರುವಾಗ 2011. ಅದನ್ನು ಇನ್ನೊಮ್ಮೆ ಬರೀತೇನೆ.

ಹೀಗೆ ಸಿಕ್ಕಿದ ಜಾಗ ಹದಿನೈದು ವರ್ಷ ಮಾರುವ ಹಾಗಿರಲಿಲ್ಲ. ವಾಯಿದೆ ಮುಗಿದದ್ದೇ ಬೈಲಿಗೆ ಮಣ್ಣು ತುಂಬುವ ಲಾರಿಗಳು ಬಂದವು. 2020ರ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಾಗ ತೆಗೆದುಕೊಳ್ಳಬಹುದು. ನನ್ನಲ್ಲಿ ಈಗ ಉಳಿದದ್ದು ಸ್ವಲ್ಪ ತೆಂಗು, ನಡುವೆ ಬಾಳೆ, ನಾಲ್ಕು ಸಾಲು ಬಸಳೆ. ಬಿಲ್ಡರ್ ಕಡೆಯವರು ತಿಂಗಳಿಗೊಮ್ಮೆ ಫೋನ್ ಮಾಡ್ತಾರೆ. ಮಾರುವುದಿಲ್ಲ ಅಂತ ದೊಡ್ಡ ಮಾತು ಹೇಳುವುದಿಲ್ಲ, ಮಗಳ ಫೀಸು ಉಂಟು.

ಕಳೆದ ವರ್ಷ ತೆಂಗಿನಕಾಯಿ ತೆಗೆಯಲಿಕ್ಕೆ ಹೊಸ ಹುಡುಗ ಬಂದ. ಮಾತಾಡ್ತಾ ಗೊತ್ತಾಯಿತು, ಆ ಅಕ್ಕನ ಮೊಮ್ಮಗ. ಬಾಡಿಗೆ ಮನೆಯಂತೆ. ಅಜ್ಜಿ ಇಲ್ಲಿ ನೇಜಿ ನೆಡುತ್ತಿದ್ದರು ಅಂತ ಅವನಿಗೆ ಗೊತ್ತಿರಲಿಲ್ಲ, ನಾನೇ ಆ ಮೂಲೆ ತೋರಿಸಿದೆ. ಮರಕ್ಕೆ ಇಷ್ಟು ಅಂತ ಲೆಕ್ಕ ಮಾಡಿ ದುಡ್ಡು ಕೊಟ್ಟೆ. ಉಳಿದದ್ದನ್ನು ಇನ್ನೂ ಹೇಳಿಲ್ಲ.