ಹಿಮ್ಮಡಿಯ ನೋವು ಮತ್ತು ಸೂಜಿಮದ್ದು

ಆಷಾಢ ಏಕಾದಶಿಗೆಂದು ಆಳಂದಿ, ದೇಹೂಗಳಿಂದ ಹೊರಡುವ ಪಾಲಖಿಗಳು ಪುಣೆಯಲ್ಲಿ ತಂಗಿ ಪಂಢರಪುರದ ಹಾದಿ ಹಿಡಿಯುತ್ತವೆ. ಸುಮಾರು 250 ಕಿಲೋಮೀಟರುಗಳ ಈ ನಡಿಗೆಯಲ್ಲಿ ಹೆಜ್ಜೆಹೆಜ್ಜೆಗೂ ದೇಹಭಾರವನ್ನು ಎತ್ತಿಕೊಡುವುದು ಮೀನಖಂಡವನ್ನು ಹಿಮ್ಮಡಿಯ ಎಲುಬಿಗೆ ಬಿಗಿದಿರುವ ದಪ್ಪನೆಯ ನಾರು. ಶಾಸ್ತ್ರದ ಮಾತಿನಲ್ಲಿ ಕಂಡರ. ಯವನವೀರ ಅಕಿಲೀಸನ ಹೆಸರು ಅದಕ್ಕೆ ಅಂಟಿದುದು 1693ರಲ್ಲಿ, ಫ್ಲಾಂಡರ್ಸಿನ ಫಿಲಿಪ್ ವೆರ್ಹೇಯೆನನ ಶರೀರಶಾಸ್ತ್ರಗ್ರಂಥದಿಂದ ಎನ್ನುತ್ತಾರೆ. ನೋವು ಹೆಸರಿಗಿಂತ ಬಹು ಹಳೆಯದು. ಹನ್ನೊಂದನೆಯ ಶತಮಾನದ ಚಕ್ರಪಾಣಿದತ್ತನು ‘ವಾತಕಂಟಕ’ವೆಂಬ ಕಾಲ್ಗಂಟಿನ ನೋವಿಗೆ ರಕ್ತಮೋಕ್ಷಣ, ಹರಳೆಣ್ಣೆಗಳ ಜೊತೆಗೆ ಕಾದ ಸೂಜಿಯಿಂದ ಸುಡುವುದನ್ನೂ ವಿಧಿಸಿದ್ದಾನೆ. ವಾತಕಂಟಕವೂ ಇಂದಿನ ಕಂಡರರೋಗವೂ ಒಂದೇ ಎಂದು ಸಾಧಿಸುವುದು ಸಾಹಸವಾದೀತು. ಸೂಜಿಯ ಮೇಲಣ ಭರವಸೆ ಮಾತ್ರ ಹೊಸತಲ್ಲ.

ಆ ಭರವಸೆಗೆ ಆಧುನಿಕ ಕಾಲದಲ್ಲಿ ಗಟ್ಟಿಯಾದ ಆಧಾರವೂ ದೊರೆಯಿತು. ಪುಣೆಯ ಮಗ್ಗುಲಿನ ಪಿಂಪರಿಯಲ್ಲಿ 1954ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆ 1955ರಲ್ಲಿ ಪೆನಿಸಿಲಿನ್ ತಯಾರಿಸತೊಡಗಿತು. ರೋಗಾಣು ಸತ್ತಿತು, ಜ್ವರ ಇಳಿಯಿತು. ಸೂಜಿ ಗೆದ್ದುದನ್ನು ಜನ ಕಣ್ಣಾರೆ ಕಂಡರು. ಅದೇ ಕಾಲಕ್ಕೆ ಕೀಲುನೋವಿಗೂ ಸೂಜಿ ಬಂದಿತು. ಹೆಂಚ್ ಮತ್ತು ಕೆಂಡಾಲರು ಕಾರ್ಟಿಸೋನಿನ ಗುಣವನ್ನು 1949ರಲ್ಲಿ ಪ್ರಕಟಿಸಿದರು. 1951ರಲ್ಲಿ ಹೊಲಾಂಡರ್ ಹೈಡ್ರೋಕಾರ್ಟಿಸೋನನ್ನು ಕೀಲಿನೊಳಕ್ಕೇ ಚುಚ್ಚಿ ಫಲ ತೋರಿಸಿದರು. ಕೀಲಿನಿಂದ ಕಂಡರಕ್ಕೆ ಅದು ದಾಟಿದುದು ಸಹಜವೇ. ದಾಟುವಾಗ ಮಾತ್ರ ಲೆಕ್ಕ ತಪ್ಪಿತು. ಬಹುಕಾಲ ನೋಯುವ ಕಂಡರದಲ್ಲಿ ಉರಿಯೂತಕ್ಕಿಂತ ಎಳೆಗಳ ಸವಕಳಿಯೇ ಹೆಚ್ಚೆಂಬುದು ಮುಂದೆ ತಿಳಿದುಬಂದಿತು. ಕಾರ್ಟಿಸೋನ್ ಕೆಲವು ವಾರ ನೋವನ್ನು ತಗ್ಗಿಸಿತು; ಚುಚ್ಚಿದ ಕಂಡರವೇ ಹರಿದ ವರದಿಗಳೂ ಬಂದವು.

ತಿರುವು ಒದಗಿದುದು ಸ್ವೀಡನ್ನಿನ ಉಮೆಯೋ ನಗರದಲ್ಲಿ. ಶಸ್ತ್ರವೈದ್ಯ ಹಾಕನ್ ಆಲ್ಫ್ರೆಡ್‌ಸನ್ ಸ್ವತಃ ಓಟಗಾರರು, ಈ ನೋವಿಗೆ ಈಡಾದವರು. ಶಸ್ತ್ರಕ್ರಿಯೆಗೆ ಮೇಲಧಿಕಾರಿ ಒಪ್ಪಲಿಲ್ಲ. ಕಂಡರ ಹರಿದೇ ಹೋದರೆ ಒಪ್ಪಿಯಾರೆಂದು ಹಿಮ್ಮಡಿಯ ಮೇಲೆ ಭಾರ ಹೇರಿ ಮತ್ತೆ ಮತ್ತೆ ಕೆಳಗಿಳಿಸಿದರಂತೆ. ಹರಿಯುವ ಬದಲು ನೋವೇ ಹೋಯಿತು. 1998ರಲ್ಲಿ 15 ಮಂದಿ ಓಟಗಾರರು ದಿನಕ್ಕೆ 180 ಬಾರಿಯಂತೆ 12 ವಾರ ಇದನ್ನೇ ಮಾಡಿ ಹಳೆಯ ಓಟಕ್ಕೆ ಮರಳಿದರು. ಪುಣೆಗೆ ಈ ದೃಷ್ಟಿ ತೀರ ಅಪರಿಚಿತವಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, 1937ರಲ್ಲಿ ಪುಣೆಗೆ ಬಂದು ನೆಲೆನಿಂತ ಬಿ.ಕೆ.ಎಸ್. ಅಯ್ಯಂಗಾರರು 1966ರ ‘ಲೈಟ್ ಆನ್ ಯೋಗ’ದಲ್ಲಿ ಅಧೋಮುಖ ಶ್ವಾನಾಸನವು ಹಿಮ್ಮಡಿಯ ನೋವು, ಬಿಗಿತಗಳನ್ನು ಕಳೆಯುವುದೆಂದು ಹೇಳಿದ್ದರು. ಹಿಗ್ಗಿಸುವ ಆಸನ ಬೇರೆ, ಭಾರ ಹೊರಿಸುವ ವ್ಯಾಯಾಮ ಬೇರೆ. ಆದರೂ ನೊಂದ ಹಿಮ್ಮಡಿಗೆ ದುಡಿಮೆ ಬೇಕೆಂಬುದು ಎರಡಕ್ಕೂ ಸಮಾನ.

ವಿಚಿತ್ರವೆಂದರೆ ಆಲ್ಫ್ರೆಡ್‌ಸನ್ನರೇ ಮತ್ತೆ ಸೂಜಿಗೆ ಮರಳಿದರು. ಕಂಡರಕ್ಕೆ ಹೊಸದಾಗಿ ಹಬ್ಬಿದ ರಕ್ತನಾಳಗಳನ್ನು ಮುಚ್ಚಲು ಪಾಲಿಡೋಕನಾಲನ್ನು ಚುಚ್ಚುವ ಕ್ರಮವನ್ನು ಅವರೂ ಓಬರ್ಗರೂ 2002ರಲ್ಲಿ ಪ್ರಕಟಿಸಿದರು. ಅನಂತರ ಬಂದುದು ರೋಗಿಯ ರಕ್ತದಿಂದಲೇ ಬೇರ್ಪಡಿಸಿದ, ಪ್ಲೇಟ್‌ಲೆಟ್ ತುಂಬಿದ ದ್ರವ. ಇದಕ್ಕೆ ತೆರುವ ಹಣ ಅಲ್ಪವಲ್ಲವಾದ್ದರಿಂದ ಜಮಾ-ಖರ್ಚು ನೋಡಲೇಬೇಕು. 2010ರಲ್ಲಿ ನೆದರ್‌ಲೆಂಡ್ಸಿನಲ್ಲಿ 54 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಅದು ಬರಿಯ ಉಪ್ಪುನೀರಿಗಿಂತ ಮೇಲಾಗಲಿಲ್ಲ. 2021ರಲ್ಲಿ ಬ್ರಿಟನ್ನಿನ 240 ಮಂದಿಯಲ್ಲಿ ಹುಸಿಸೂಜಿಗಿಂತಲೂ ಮೇಲಾಗಲಿಲ್ಲ.

ಹಾಗೆಂದು ಸೂಜಿಗೆ ಪೂರ್ಣ ಸೋಲೆಂದು ಬರೆದರೆ ಅದು ಇತಿಹಾಸವಾಗದು. 2022ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪರೀಕ್ಷೆಯಲ್ಲಿ ವ್ಯಾಯಾಮದೊಡನೆ ಕಾರ್ಟಿಸೋನ್ ಬಳಗದ ಮದ್ದನ್ನು ಚುಚ್ಚಿಸಿಕೊಂಡವರು, ವ್ಯಾಯಾಮದೊಡನೆ ಹುಸಿಮದ್ದು ಪಡೆದವರಿಗಿಂತ ಆರು ತಿಂಗಳಲ್ಲಿ ಸ್ಪಷ್ಟವಾಗಿ ಸುಧಾರಿಸಿದ್ದರು. ಆ 100 ಮಂದಿಯಲ್ಲಿ ವ್ಯಾಯಾಮವನ್ನು ಬಿಟ್ಟು ಸೂಜಿಯೊಂದನ್ನೇ ನೆಚ್ಚಿದವರ ಗುಂಪು ಇರಲಿಲ್ಲ.